ಗಂಟೆಯಕ್ಕ ಕಟ್ಟಿದ ಕಂತು

ಆಕೆಯನ್ನು ನಾನು ಮೊದಲು ಕಂಡ ದಿನ ಆಕೆಗೆ ಮಾತು ನಿಷೇಧವಾಗಿತ್ತು.

ಕಿವಿ, ಮೂಗು, ಗಂಟಲಿನ ವೈದ್ಯರ ಕೋಣೆಯ ಹೊರಗೆ ಒಂದು ಉದ್ದನೆಯ ಹಸಿರು ಬೆಂಚು. ಮೂವತ್ತಾರು ವರ್ಷ ಪಾಠ ಹೇಳಿ ಸವೆದ ನನ್ನ ಗಂಟಲು ನಿವೃತ್ತಿಯಾದ ಮೇಲೂ ಬೆಳಗಾದರೆ ಕರಕರ ಎನ್ನುತ್ತಿದ್ದುದರಿಂದ ತೋರಿಸಿಕೊಂಡು ಬರಲು ಹೋಗಿದ್ದೆ. ಪಕ್ಕದಲ್ಲಿ ಕುಳಿತಿದ್ದ ಹೆಂಗಸಿಗೆ ಮೂವತ್ತೈದೋ ಮೂವತ್ತಾರೋ ಇರಬಹುದು. ಕೊರಳಿಗೆ ದಾರದಲ್ಲಿ ಕಟ್ಟಿದ ಚಿಕ್ಕ ಪುಸ್ತಕ, ಅದಕ್ಕೆ ತೂಗುಬಿಟ್ಟ ಪೆನ್ಸಿಲ್ಲು. ಆಕೆ ಏನೋ ಬರೆದು ನನ್ನ ಮುಂದೆ ಹಿಡಿದಳು: ‘ನಿಮ್ಮ ನಂಬರ್ ಎಷ್ಟು?’ ನಾನು ಮರ್ಯಾದೆಗೆ ಪೆನ್ಸಿಲ್ಲು ತೆಗೆದುಕೊಂಡು ಅದರ ಕೆಳಗೆ ‘ಹದಿನಾಲ್ಕು’ ಎಂದು ಬರೆದೆ. ಆಕೆ ಅದನ್ನು ನೋಡಿದಳು, ನನ್ನನ್ನು ನೋಡಿದಳು, ಭುಜ ಕುಣಿಸುತ್ತ ಸದ್ದಿಲ್ಲದೆ ನಕ್ಕಳು. ಮತ್ತೆ ಬರೆದಳು: ‘ನಿಮಗೆ ಮಾತು ಬರುತ್ತಲ್ಲ! ನೀವ್ಯಾಕೆ ಬರೀತೀರಿ?’

ಹೌದಲ್ಲ ಎನ್ನಿಸಿ ನಾನೂ ನಕ್ಕೆ. ವೈದ್ಯರು ಬಾಗಿಲಿಗೆ ಬಂದು ನಮ್ಮಿಬ್ಬರನ್ನೂ ನೋಡಿದರು. ಅವರು ನನ್ನ ಹಳೆಯ ಪರಿಚಯದವರು, ತಮಾಷೆಯ ಮನುಷ್ಯ.

“ಸರಿಯಾದ ಜೋಡಿ ಕೂತಿದೀರಿ. ಇವ್ರು ಮೂವತ್ತಾರು ವರ್ಷ ಮಕ್ಕಳ ಮೇಲೆ ಕೂಗಿ ಗಂಟಲು ಹಾಳು ಮಾಡ್ಕೊಂಡ್ರು. ಈಯಮ್ಮ ಆರೇ ವರ್ಷದಲ್ಲಿ ಅಷ್ಟೇ ಹಾಳು ಮಾಡ್ಕೊಂಡಿದಾರೆ. ಸ್ವರತಂತುವಿನ ಮೇಲೆ ಎರಡು ಗಂಟು. ಹತ್ತು ದಿನ ತುಟಿ ಬಿಚ್ಚೋ ಹಾಗಿಲ್ಲ. ಹೀಗೇ ಮುಂದುವರಿಸಿದ್ರೆ ಇನ್ನೊಂದು ವರ್ಷಕ್ಕೆ ಮಾತೇ ಇರಲ್ಲ. ಅಂದ ಹಾಗೆ, ಕೆಲಸ ಏನು ಅಂದ್ರಿ ಅಮ್ಮ?”

ಹಾಡುಗಾರ್ತಿ ಎಂದು ಬರೆಯುತ್ತಾಳೆಂದು ನಾನು ಎಣಿಸಿದ್ದೆ. ಆಕೆ ಬರೆದದ್ದು: ‘ಸಾಲ ವಸೂಲಿ. ಫೋನಿನಲ್ಲಿ.’

ನಮ್ಮ ಮನೆಯಿಂದ ಎರಡು ಬೀದಿ ಆಚೆ, ಚಪ್ಪಲಿ ಅಂಗಡಿಯ ಮಹಡಿಯ ಮೇಲೆ ತಾಯಿಯೊಡನೆ ವಾಸವಾಗಿದ್ದಾಳೆಂದು ತಿಳಿದದ್ದು ಇಬ್ಬರೂ ಒಂದೇ ಬಸ್ಸಿನಲ್ಲಿ ಹಿಂದಿರುಗುವಾಗ. ಹತ್ತು ದಿನ ಕಳೆದು ಬಾಯಿ ಬಿಟ್ಟ ಮೇಲೆ ಆಕೆ ನೆಟ್ಟಗೆ ನಮ್ಮ ಮನೆಗೆ ಬಂದಳು.

“ಮೇಷ್ಟ್ರೇ, ಗಂಟಲು ನೋಯಿಸದೆ ದಿನವಿಡೀ ಮಾತಾಡೋದು ಹೇಗೆ? ನೀವು ಕಲಿಸ್ತೀರಾ?”

ಕೇಳಿ ಬಂದವರಿಗೆ ಕಲಿಸದೆ ಇರುವುದು ನನ್ನ ಜಾಯಮಾನದಲ್ಲಿಲ್ಲ. ಗಂಟಲಿನಿಂದಲ್ಲ, ಹೊಟ್ಟೆಯಿಂದ ಉಸಿರು ಎತ್ತಬೇಕು, ವಾಕ್ಯ ಮುಗಿಯುವ ಮೊದಲೇ ಉಸಿರು ಮುಗಿಯಬಾರದು, ಕ್ರಿಯಾಪದವನ್ನು ನುಂಗಬಾರದು. ಕೆಲಸ ಮುಗಿಸಿ ಬಂದ ಸಂಜೆಗಳಲ್ಲಿ ನಮ್ಮ ಮುಂದಿನ ಕೋಣೆಯಲ್ಲಿ ನಿಂತು ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡು ಆಕೆ ಅಭ್ಯಾಸ ಮಾಡುತ್ತಿದ್ದಳು. ನನ್ನ ಹೆಂಡತಿ ಬಿಸಿನೀರಿನ ಲೋಟ ತಂದಿಟ್ಟು, “ಪಾಪ, ನಿವೃತ್ತಿ ಆದ್ಮೇಲೂ ಇವರಿಗೊಂದು ಮಗು ಸಿಕ್ತು, ಬಿಡಲ್ಲ,” ಎನ್ನುತ್ತಿದ್ದಳು.

ಆ ಸಂಜೆಗಳಲ್ಲಿ ಕೇಳಿದ ಸಂಗತಿಗಳಿಂದ ನಾನು ಎಷ್ಟು ಸಲ ಬೆಚ್ಚಿಬಿದ್ದೆನೋ ಲೆಕ್ಕವಿಲ್ಲ. ಮೊದಲು ಆಕೆ ಅದೇ ಕಟ್ಟಡದ ಮೂರನೆಯ ಮಹಡಿಯಲ್ಲಿ ಸಾಲ ಮಾರುತ್ತಿದ್ದಳಂತೆ. ಬೇಡವೆಂದವರಿಗೂ ಫೋನು ಮಾಡಿ, ನಯವಾಗಿ ಮಾತಾಡಿ, ಒಪ್ಪಿಸಿದರೆ ಕಮಿಷನ್ನು. ನಾಲ್ಕನೆಯ ಮಹಡಿಯಲ್ಲಿ ವಸೂಲಿ. ಅಲ್ಲಿ ಕಮಿಷನ್ನು ಹೆಚ್ಚು.

“ಅಂದ್ರೆ ನೀನೇ ಕೊಡಿಸಿದ ಸಾಲಾನ ನೀನೇ ವಸೂಲಿ ಮಾಡೋದಾ?”

“ಒಂದು ಮಹಡಿ ಹತ್ತಿದೆ, ಅಷ್ಟೇ ಮೇಷ್ಟ್ರೇ,” ಎಂದು ನಕ್ಕಳು.

ನಾಲ್ಕನೆಯ ಮಹಡಿಯ ಕಿಟಕಿಯ ಬಳಿ ಒಂದು ಹಿತ್ತಾಳೆಯ ಗಂಟೆ ತೂಗುಹಾಕಿದ್ದರು. ಯಾರ ಕರೆಯಿಂದ ಹಣ ಬಂತೋ ಅವರು ಎದ್ದುಹೋಗಿ ಅದನ್ನು ಹೊಡೆಯಬೇಕು. ಉಳಿದವರು ಕಿವಿಯ ಹೆಡ್‌ಫೋನು ತೆಗೆಯದೆಯೇ ಚಪ್ಪಾಳೆ ತಟ್ಟಬೇಕು. ಹೆಚ್ಚು ಸಲ ಹೊಡೆಯುತ್ತಿದ್ದವಳು ಈಕೆಯೇ ಆದ್ದರಿಂದ ಅಲ್ಲಿ ಆಕೆಗೆ ‘ಗಂಟೆಯಕ್ಕ’ ಎಂದೇ ಹೆಸರು. ಅಲ್ಲಿನ ಮೇಲ್ವಿಚಾರಕನಿಗೂ ಒಂದು ಅಡ್ಡಹೆಸರಿತ್ತು. ಮಾತುಮಾತಿಗೆ ‘ಮುಲಾಜೇ ಬೇಡ’ ಎನ್ನುತ್ತಿದ್ದನಾಗಿ ಬೆನ್ನ ಹಿಂದೆ ಎಲ್ಲರೂ ಅವನನ್ನು ‘ಮುಲಾಜು’ ಎಂದು ಕರೆಯುತ್ತಿದ್ದರು. ಪ್ರತಿ ಮೇಜಿನ ಮೇಲೂ ಅಂಗೈಯಗಲದ ಕನ್ನಡಿ. ನಗುನಗುತ್ತ ಗದರಿದರೆ ದನಿ ಹೆಚ್ಚು ನಾಟುತ್ತದೆಂದು ಅದನ್ನು ಇಡಿಸಿದ್ದನಂತೆ.

ಒಂದು ಸಂಜೆ ನನ್ನ ಹೆಂಡತಿ, “ನೀನು ಹೇಗೆ ಮಾತಾಡ್ತೀಯ, ಸ್ವಲ್ಪ ತೋರಿಸೇ,” ಎಂದಳು. ಗಂಟೆಯಕ್ಕ ಸ್ವಲ್ಪ ಹಿಂಜರಿದು, ಬೆನ್ನು ನೆಟ್ಟಗೆ ಮಾಡಿ, ಗೋಡೆಯನ್ನು ನೋಡುತ್ತ ಆರಂಭಿಸಿದಳು. ಮೊದಲು ಬೆಣ್ಣೆಯಂಥ ದನಿ, ಆರೋಗ್ಯ ವಿಚಾರಣೆ. ಆಮೇಲೆ ಅದೇ ಮೆಲುದನಿಯಲ್ಲಿ ಒಂದು ವಾಕ್ಯ: “ನಿಮ್ಮಂಥೋರು ಹೀಗೆ ಮಾಡ್ತಾರೆ ಅಂತ ನಾನಂತೂ ಅಂದ್ಕೊಂಡಿರಲಿಲ್ಲ.” ಅಷ್ಟು ಹೇಳಿ ಸುಮ್ಮನಾದಳು. ಕೋಣೆಯಲ್ಲಿ ಗಡಿಯಾರದ ಸದ್ದೊಂದೇ ಕೇಳುತ್ತಿತ್ತು. ಯಾರಿಗೂ ಬಿಡಿಗಾಸು ಕೊಡಬೇಕಿಲ್ಲದ ನನ್ನ ಹೆಂಡತಿ, “ಅಯ್ಯೋ, ಕೊಟ್ಬಿಡ್ತೀನಿ ಕಣೇ!” ಎಂದುಬಿಟ್ಟಳು.

“ನಾಲ್ಕು ಸೆಕೆಂಡು,” ಎಂದಳು ಗಂಟೆಯಕ್ಕ. “ಆ ನಾಲ್ಕು ಸೆಕೆಂಡು ತಡ್ಕೊಳೋಕೆ ಯಾರಿಗೂ ಆಗಲ್ಲ. ಏನಾದ್ರೂ ಒಂದು ಹೇಳೇ ಹೇಳ್ತಾರೆ. ಬಾಯಿ ಬಿಟ್ರು ಅಂದ್ರೆ ಸಿಕ್ಕಿಬಿದ್ರು. ಇದು ನಾನೇ ಹುಡುಕಿದ್ದು. ಈಗ ಇಡೀ ಮಹಡೀಲಿ ಎಲ್ಲರೂ ಇದನ್ನೇ ಬರೆದಿಟ್ಕೊಂಡು ಓದ್ತಾರೆ.”

ನನ್ನ ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೆ ನಗು ಬರಲಿಲ್ಲ. ಕಿಟಕಿಯ ಗಾಜು ಒಡೆದವರು ಯಾರೆಂದು ತರಗತಿಯಲ್ಲಿ ಕೇಳಿ ನಾನೂ ಹೀಗೆಯೇ ಸುಮ್ಮನೆ ನಿಲ್ಲುತ್ತಿದ್ದೆ. ಅದರ ಮೇಲೆ ಆ ದನಿಯ ಹಿಂದಿದ್ದ ಉಸಿರು ನಾನು ಕಲಿಸಿದ್ದು. ಒಂದು ಪದವೂ ನಡುಗಲಿಲ್ಲ, ಒಂದು ಕ್ರಿಯಾಪದವೂ ನುಂಗಿಹೋಗಲಿಲ್ಲ.

ಆದರೆ ಆಕೆ ಕೆಟ್ಟವಳಾಗಿರಲಿಲ್ಲ. ಬೈಗುಳವನ್ನು ದಿನಕ್ಕೆ ಎಂಟು ಗಂಟೆ ಕಿವಿಯಲ್ಲಿ ತುಂಬಿಕೊಂಡು ಬರುತ್ತಿದ್ದಳು. ಮನೆಗೆ ಬಂದರೆ ಫೋನು ಸದ್ದಾದ ಕೂಡಲೇ ಅದನ್ನು ದಿಂಬಿನ ಕೆಳಗೆ ತುರುಕುತ್ತೇನೆ ಎನ್ನುತ್ತಿದ್ದಳು. ಅದರಿಂದ ಬಿಡುಗಡೆಗೆ ಒಂದೇ ದಾರಿ ಕಂಡಿತ್ತು. ಸತತವಾಗಿ ಮೂರು ತಿಂಗಳು ಗುರಿ ಮುಟ್ಟಿದವರಿಗೆ ತರಬೇತಿ ಕೊಡುವವರ ಕುರ್ಚಿ. ಅಲ್ಲಿ ಕರೆ ಮಾಡುವ ಕೆಲಸವಿಲ್ಲ. ಹೊಸಬರಿಗೆ ದಿನಕ್ಕೊಂದು ಗಂಟೆ ಪಾಠ, ಸಂಬಳ ಹೆಚ್ಚು, ಗಂಟಲೂ ಉಳಿಯುತ್ತದೆ. “ನಾನೂ ನಿಮ್ಮ ಹಾಗೆ ಮೇಷ್ಟ್ರಾಗ್ತೀನಿ,” ಎನ್ನುತ್ತಿದ್ದಳು. ಎರಡು ತಿಂಗಳು ಗುರಿ ಮುಟ್ಟಿದಳು. ಮೂರನೆಯ ತಿಂಗಳ ಕೊನೆಯ ದಿನ ಒಂದು ಡಬ್ಬ ಬಿಸ್ಕತ್ತು ಹಿಡಿದು ಓಡೋಡಿ ಬಂದಳು.

“ನಲವತ್ತು ಕೇಸಿನ ಗುರಿ ಮೇಷ್ಟ್ರೇ. ಮೂವತ್ತೊಂಬತ್ತಕ್ಕೆ ನಿಂತುಬಿಟ್ಟಿತ್ತು. ಆಫೀಸು ಮುಚ್ಚೋಕೆ ಅರ್ಧ ಗಂಟೆ ಇದ್ದಾಗ ನಲವತ್ತನೇದು ಆಯ್ತು!”

ನಾವು ಮೂವರೂ ಕುಳಿತು ಆ ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ ತಿಂದೆವು.

ಇನ್ನು ನನ್ನ ಇನ್ನೊಬ್ಬ ಸ್ನೇಹಿತರ ವಿಷಯ ಹೇಳಬೇಕು. ಅವರು ಪುಸ್ತಕಗಳಿಗೆ ರಟ್ಟು ಕಟ್ಟುವವರು. ನಮ್ಮ ಶಾಲೆಯ ಗ್ರಂಥಾಲಯದ ಹರಿದ ಪುಸ್ತಕಗಳನ್ನೆಲ್ಲ ಮೂವತ್ತು ವರ್ಷ ಅವರೇ ಕಟ್ಟಿದ್ದು. ಒಂದು ಮೆಟ್ಟಿಲಿನ ಕೆಳಗಿನ ಇಕ್ಕಟ್ಟು ಅಂಗಡಿ. ಒಳಗೆ ಕಾಲಿಟ್ಟರೆ ಅಂಟಿನ ವಾಸನೆ, ನೆಲದ ತುಂಬ ಕತ್ತರಿಸಿ ಬಿದ್ದ ಕಾಗದದ ಅಂಚು, ನಡುವೆ ಕಾಗದ ಕತ್ತರಿಸುವ ದೊಡ್ಡ ಯಂತ್ರ. ಆ ಯಂತ್ರಕ್ಕೆಂದೇ ಅವರು ಸಾಲ ಮಾಡಿದ್ದರು. ಅಸಲು ತೀರುವಷ್ಟು ಕಟ್ಟಿದರು, ಅದರ ಮೇಲೆ ಇನ್ನೂ ಅರ್ಧದಷ್ಟು ಕಟ್ಟಿದರು. ಆಗ ಅದೇ ಯಂತ್ರದ ಅಲಗಿಗೆ ಹೆಬ್ಬೆರಳು ಸಿಕ್ಕಿ ನಾಲ್ಕು ತಿಂಗಳು ಅಂಗಡಿ ಮುಚ್ಚಬೇಕಾಯಿತು. ಕಂತು ತಪ್ಪಿತು. ತಪ್ಪಿದ್ದಕ್ಕೆ ದಂಡ, ದಂಡಕ್ಕೆ ಬಡ್ಡಿ, ಬಡ್ಡಿ ಕಟ್ಟದ್ದಕ್ಕೆ ಮತ್ತೆ ದಂಡ. ಗುಬ್ಬಿಯಂಥ ಸಾಲ ಆನೆಯಾಗಿ ಎದುರು ನಿಂತಿತು. ಅವರು ಕೈಚೆಲ್ಲಿ ಕುಳಿತುಬಿಟ್ಟರು.

ಗಂಟೆಯಕ್ಕ ಬಿಸ್ಕತ್ತು ತಂದ ಆ ತಿಂಗಳ ನಡುವಿನಲ್ಲಿ ಒಂದು ದಿನ ನಾನು ಅವರ ಅಂಗಡಿಗೆ ಹೋಗಿದ್ದೆ. ಯಂತ್ರದ ಹಿಂದಿನ ಗೋಡೆಯ ಕ್ಯಾಲೆಂಡರಿನಲ್ಲಿ ದಿನಗಳನ್ನು ಒಂದೊಂದಾಗಿ ಹೊಡೆದುಹಾಕಿದ್ದರು.

“ಏನ್ರೀ ಇದು, ಪರೀಕ್ಷೆಗೆ ಓದೋ ಹುಡುಗನ ಹಾಗೆ?”

“ಇನ್ನು ಇಪ್ಪತ್ತು ದಿನ ಮೇಷ್ಟ್ರೇ,” ಎಂದರು ದನಿ ತಗ್ಗಿಸಿ. “ಕೊನೇ ಕಂತು ಕಟ್ಟಿ ಮೂರು ವರ್ಷ ಆಗಿಬಿಟ್ರೆ ಕೋರ್ಟಿಗೆ ಹಾಕೋಕೆ ಬರಲ್ಲ ಅಂತೆ. ವಕೀಲರ ಗುಮಾಸ್ತ ಒಬ್ಬ ಪುಸ್ತಕ ಕಟ್ಟಿಸೋಕೆ ಬರ್ತಾನೆ, ಅವನು ಹೇಳಿದ. ಅಲ್ಲೀ ತನಕ ಹಾಕಲಿಲ್ಲ ಅಂದ್ರೆ ನನ್ನ ಯಂತ್ರ ನನಗೆ ಉಳಿಯುತ್ತೆ. ಯಾರಿಗೂ ಹೇಳಿಲ್ಲ. ನಿಮಗೆ ಮಾತ್ರ.”

ಸಾಲವನ್ನು ತೀರಿಸಬೇಕಲ್ಲವೇ ಎಂಬ ಮಾತು ನನ್ನ ನಾಲಗೆಯ ತುದಿಯವರೆಗೆ ಬಂದಿತ್ತು. ಅವರ ಮೊಂಡು ಹೆಬ್ಬೆರಳನ್ನು ನೋಡಿ ನುಂಗಿಕೊಂಡೆ. ಅಷ್ಟರಲ್ಲಿ ಫೋನು ಸದ್ದಾಯಿತು. ಅವರು ಮೊಣಕೈಯಿಂದ ಅದನ್ನು ಒತ್ತಿ, “ಕೈಯೆಲ್ಲಾ ಅಂಟಾಗಿದೆ ತಾಯಿ, ಆಮೇಲೆ ಮಾತಾಡ್ತೀನಿ,” ಎಂದು ಮತ್ತೆ ಮೊಣಕೈಯಿಂದಲೇ ನಿಲ್ಲಿಸಿದರು. ವಸೂಲಿಯವರಂತೆ. “ಪಾಪ, ಅವರದೂ ಹೊಟ್ಟೆಪಾಡು, ಬೈದು ಏನು ಬಂತು?” ಎಂದರು.

ಮುಂದಿನ ತಿಂಗಳು ಒಂದು ಬೆಳಿಗ್ಗೆ ಅವರು ನಮ್ಮ ಮನೆಯ ಬಾಗಿಲಿಗೆ ಬಂದರು. ಮೂವತ್ತು ವರ್ಷದಲ್ಲಿ ಅಂಗಡಿಯ ಹೊತ್ತಿನಲ್ಲಿ ಅವರು ಅಂಗಡಿ ಬಿಟ್ಟು ಬಂದದ್ದು ಅದೇ ಮೊದಲು. ಕೈಯಲ್ಲಿ ಕಂದು ಲಕೋಟೆ. ಒಳಗೆ ಬರಲಿಲ್ಲ, ಕೂರಲಿಲ್ಲ.

“ಮೇಷ್ಟ್ರೇ, ನಾನು ನಿಮ್ಮನ್ನ ಕೇಳಿದ್ನಾ?”

“ಏನನ್ನ?”

“ನನ್ನ ಹೆಸರಲ್ಲಿ ಹಣ ಕಟ್ಟಿ ಅಂತ ನಾನು ನಿಮ್ಮನ್ನ ಕೇಳಿದ್ನಾ?”

ಲಕೋಟೆಯಲ್ಲಿದ್ದ ನೋಟೀಸನ್ನು ಓದಿದೆ. ತಾವು ಕಳೆದ ತಿಂಗಳ ಕೊನೆಯ ದಿನದಂದು ಒಂದು ಕಂತನ್ನು ಪಾವತಿ ಮಾಡಿ ಸಾಲವನ್ನು ಒಪ್ಪಿಕೊಂಡಿರುವ ಕಾರಣ ಅವಧಿಯು ಹೊಸದಾಗಿ ಆರಂಭವಾಗಿದೆ, ಉಳಿದ ಮೊತ್ತಕ್ಕಾಗಿ ಯಂತ್ರವನ್ನು ವಶಪಡಿಸಿಕೊಳ್ಳಲು ನ್ಯಾಯಾಲಯವನ್ನು ಕೋರಲಾಗಿದೆ, ವಿಚಾರಣೆಗೆ ಹಾಜರಾಗತಕ್ಕದ್ದು. ಕಟ್ಟಿದ್ದ ಕಂತು ಎಷ್ಟೆಂದರೆ, ಒಂದು ನಿಘಂಟಿಗೆ ರಟ್ಟು ಕಟ್ಟುವಷ್ಟು ಹಣ. ಮೂರು ವರ್ಷ ಮುಗಿಯಲು ಐದು ದಿನ ಉಳಿದಿದ್ದಾಗ ಕಟ್ಟಿದ್ದು.

“ನಾನು ಕಟ್ಟಿಲ್ಲ ಮಾರಾಯರೇ!”

“ಈ ವಿಷಯ ಗೊತ್ತಿದ್ದಿದ್ದು ನಿಮಗೊಬ್ಬರಿಗೆ. ಉಪಕಾರ ಮಾಡೋಕೆ ಹೋದ್ರಿ. ಮೂರು ವರ್ಷ ಉಸಿರು ಬಿಗಿಹಿಡಿದು ಕೂತಿದ್ದೆ. ಐದು ದಿನ ನಿಮ್ಮ ಕೈ ಸುಮ್ಮನಿರಲಿಲ್ಲವಲ್ಲ!”

ಸಿಟ್ಟಿನಲ್ಲಿ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಅಳುತ್ತ ಹೇಳಿದರು. ಲಕೋಟೆಯನ್ನು ನನ್ನ ಕೈಯಲ್ಲೇ ಬಿಟ್ಟು ಮೆಟ್ಟಿಲಿಳಿದು ಹೋದರು.

ವಸೂಲಿಯ ವಿಷಯ ತಿಳಿದವರು ನನಗೆ ಗೊತ್ತಿದ್ದದ್ದು ಒಬ್ಬಳೇ. ಅಂದು ಆಕೆಗೆ ವಾರದ ರಜೆ. ಚಪ್ಪಲಿ ಅಂಗಡಿಯ ಮಹಡಿಗೆ ಹೋದೆ. ತಾಯಿ ಬಟ್ಟೆ ಮಡಿಸುತ್ತಿದ್ದರು. ಗಂಟೆಯಕ್ಕ ಕಿಟಕಿಯ ಬಳಿ ಕುಳಿತು ಹೊಸಬರಿಗೆ ಮಾಡಬೇಕಾದ ಪಾಠವನ್ನು ಬರೆದುಕೊಳ್ಳುತ್ತಿದ್ದಳು. ಒಂದನೆಯ ತಾರೀಖಿನಿಂದ ಹೊಸ ಕುರ್ಚಿ ಎಂದು ಹೇಳಿದ್ದರಂತೆ.

“ಇದೇನು ನೋಡಮ್ಮ, ನನ್ನ ಸ್ನೇಹಿತರದು. ಪುಸ್ತಕಕ್ಕೆ ರಟ್ಟು ಕಟ್ಟೋರು. ಕಟ್ಟದ ಕಂತು ಕಟ್ಟಿದೀರಿ ಅಂತ ಬಂದಿದೆ. ಹೀಗೆಲ್ಲ ತಪ್ಪಾಗುತ್ತಾ?”

ಆಕೆ ಕಾಗದ ತೆಗೆದುಕೊಂಡು ಓದತೊಡಗಿದಳು. ಸಾಲದ ಸಂಖ್ಯೆಯ ಮೇಲೆ ಬೆರಳು ನಿಂತಿತು. ತಾರೀಖಿನ ಮೇಲೆ ಜಾರಿತು, ಮತ್ತೆ ಸಂಖ್ಯೆಗೆ ಹಿಂದಿರುಗಿತು.

“ಪುಸ್ತಕಕ್ಕೆ ರಟ್ಟು ಅಂದ್ರಾ?” ಎಂದಳು. “ಫೋನು ಮಾಡಿದ್ರೆ ‘ಕೈಯೆಲ್ಲಾ ಅಂಟಾಗಿದೆ ತಾಯಿ’ ಅಂತಾರಾ?”

ಹೌದೆಂದು ತಲೆಯಾಡಿಸಿದೆ.

“ನಾನು ಮೇಷ್ಟ್ರೇ. ಇದು ಕಟ್ಟಿದ್ದು ನಾನು.”

ತಾಯಿ ಮಡಿಸುತ್ತಿದ್ದ ಬಟ್ಟೆಯನ್ನು ಹಾಗೇ ಹಿಡಿದುಕೊಂಡು, “ಯಾರದ್ದೋ ಸಾಲಾನ ನೀನ್ಯಾಕೆ ಕಟ್ಟಿದೆ? ನಿನಗೇನು ತಲೆ ಕೆಟ್ಟಿದೆಯಾ?” ಎಂದರು.

ಆಕೆ ಎಲ್ಲವನ್ನೂ ಹೇಳಿದಳು. ನಾಲ್ಕನೆಯ ಮಹಡಿಯಲ್ಲಿ ‘ಹಳೇ ಚೀಲ’ ಎಂಬ ಒಂದು ಪಟ್ಟಿಯಿತ್ತು, ವರ್ಷಗಟ್ಟಲೆ ಯಾರೂ ಕಟ್ಟದ ಸಾಲಗಳದು. ಅದರಲ್ಲಿ ಯಾವುದಕ್ಕೆ ಚೂರು ಹಣ ಬಂದರೂ ಒಂದು ಕೇಸು ‘ಜೀವಂತ’ವಾಯಿತೆಂದು ಗುರಿಯ ಲೆಕ್ಕಕ್ಕೆ ಸೇರುತ್ತಿತ್ತು. ತಿಂಗಳ ಕೊನೆಯಲ್ಲಿ ಒಂದೆರಡು ಕೇಸು ಕಡಮೆ ಬಿದ್ದವರು ತಮ್ಮ ಜೇಬಿನಿಂದಲೇ ಸಣ್ಣದೊಂದು ಕಂತನ್ನು ಹಾಕಿ ಗುರಿ ಮುಟ್ಟಿಸುತ್ತಿದ್ದರು. ಹಾಕಿದ್ದು ಹತ್ತಾದರೆ ಬರುವ ಕಮಿಷನ್ನು ನೂರು. ಅದಕ್ಕೆ ಅವರ ಮಾತಿನಲ್ಲಿ ‘ದೀಪ ಹಚ್ಚೋದು’ ಎಂದು ಹೆಸರು. ಎಲ್ಲರೂ ಹಚ್ಚುತ್ತಿದ್ದರು, ಮುಲಾಜು ನೋಡಿಯೂ ನೋಡದಂತಿರುತ್ತಿದ್ದ. ಪರದೆಯ ಮೇಲೆ ಹೆಸರು ಕಾಣುವುದಿಲ್ಲ, ಸಂಖ್ಯೆ ಮಾತ್ರ.

“ಆ ದಿನ ಒಂದು ಕೇಸು ಕಡಮೆ ಇತ್ತು. ಯಾರಿಗೆ ಹಾಕಲಿ ಅಂತ ನೋಡ್ದೆ. ಇಡೀ ಚೀಲದಲ್ಲಿ ನನ್ನ ಬೈಯದೇ ಇದ್ದೋರು ಅವರೊಬ್ಬರೇ ಮೇಷ್ಟ್ರೇ. ತಾಯಿ ಅಂತಿದ್ರು. ಅವರ ಸಾಲ ಒಂದು ಚೂರು ಕಡಮೆ ಆದ್ರೆ ಒಳ್ಳೇದೇ ಅಲ್ವಾ, ನನಗೂ ಆಯ್ತು ಅವರಿಗೂ ಆಯ್ತು ಅಂದ್ಕೊಂಡೆ. ಜೀವಂತ ಅಂದ್ರೆ ಏನು ಅಂತ ನಮಗ್ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಆರು ವರ್ಷ... ಆರು ವರ್ಷದಲ್ಲಿ ಒಂದು ಸಲ ಕೇಳಲಿಲ್ಲ.”

ನಾವು ಚಹಾದಲ್ಲಿ ಅದ್ದಿ ತಿಂದ ಬಿಸ್ಕತ್ತು ನನಗೆ ನೆನಪಾಯಿತು.

ಮರುದಿನ ಆಕೆ ಮುಲಾಜಿನ ಬಳಿ ಹೋಗಿ ಆ ಕಂತನ್ನು ಲೆಕ್ಕದಿಂದ ತೆಗೆಯಬೇಕೆಂದು ಕೇಳಿದಳು. ಅವನು ಸಿಟ್ಟಾಗಲಿಲ್ಲವಂತೆ. ಕುರ್ಚಿ ಎಳೆದುಕೊಟ್ಟನಂತೆ. “ಗಂಟೆಯಕ್ಕ, ನೀನು ತಪ್ಪು ಮಾಡಿಲ್ಲ, ಕಂಪನಿಗೆ ಒಳ್ಳೇದೇ ಮಾಡಿದೀಯ. ಒಂದನೇ ತಾರೀಖು ಹೊಸ ಕುರ್ಚೀಲಿ ಕೂತ್ಕೋ. ಸುಮ್ಮನಿದ್ದುಬಿಡು. ಸುಮ್ಮನಿರೋದು ಹೇಗೆ ಅಂತ ನಿನಗೆ ನಾನು ಹೇಳಿಕೊಡಬೇಕಾ?” ಎಂದು ನಕ್ಕನಂತೆ.

ರಟ್ಟಿನವರು ಹೇಳಿದ್ದ ಆ ವಕೀಲರ ಗುಮಾಸ್ತನನ್ನು ನಾನು ಕಂಡು ಬಂದೆ. ಸಾಲಗಾರನೇ ಆಗಲಿ, ಅವನು ಹೇಳಿ ಕಳಿಸಿದವರೇ ಆಗಲಿ ಕಟ್ಟಿದರೆ ಮಾತ್ರ ಅದು ಒಪ್ಪಿಕೊಂಡಂತೆ. ಸಂಬಂಧವಿಲ್ಲದವರು ತಮ್ಮ ಲಾಭಕ್ಕೆ ಕಟ್ಟಿದ್ದೆಂದು ಅವರೇ ಬರೆದುಕೊಟ್ಟು, ಬಂದು ಹೇಳಿದರೆ ಆ ಕಂತಿಗೆ ಬೆಲೆಯಿಲ್ಲ ಎಂದು ಅವನು ವಿವರಿಸಿದ. ಯಂತ್ರ ಉಳಿಯುವುದೂ ಹೋಗುವುದೂ ಆಕೆಯ ಒಂದು ಕಾಗದದ ಮೇಲೆ ನಿಂತಿತು. ಬರೆದರೆ ಆಕೆಯ ಕೆಲಸ ಹೋಗುತ್ತದೆ, ಹೊಸ ಕುರ್ಚಿ ಹೋಗುತ್ತದೆ. ವಿಚಾರಣೆಗೆ ಒಂಬತ್ತು ದಿನವಿತ್ತು.

ನಾನು ಬರೆ ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಏಳು ದಿನ ಆಕೆ ನಮ್ಮ ಮನೆಯ ಕಡೆ ತಲೆ ಹಾಕಲಿಲ್ಲ. ರಟ್ಟಿನವರ ಅಂಗಡಿಯ ಮುಂದೆ ಹಾದುಹೋದರೆ ಅವರು ಮುಖ ಎತ್ತುತ್ತಿರಲಿಲ್ಲ. ಕಟ್ಟಿದ್ದು ನಾನಲ್ಲವೆಂದು ಹೇಳಿಕೊಳ್ಳಬಹುದಿತ್ತು. ಹೇಳಿದರೆ ಮತ್ಯಾರು ಎಂಬ ಪ್ರಶ್ನೆ ಬರುತ್ತಿತ್ತು, ಆ ಉತ್ತರ ನನ್ನದಾಗಿರಲಿಲ್ಲ.

ಎಂಟನೆಯ ದಿನ ತಾಯಿ ಮಗಳು ಇಬ್ಬರೂ ಬಂದರು. ತಾಯಿಯೇ ಮಾತು ತೆಗೆದರು.

“ಮೇಷ್ಟ್ರೇ, ಇವಳು ವಾರದಿಂದ ಅನ್ನ ನುಂಗ್ತಿಲ್ಲ. ನಿನ್ನೆ ಕೇಳ್ದೆ, ಹೊಸ ಕುರ್ಚೀಲಿ ಕೂತು ಏನು ಪಾಠ ಮಾಡ್ತೀಯೇ ಅಂತ. ದೀಪ ಹಚ್ಚೋದು ಹೇಗೆ ಅಂತ ಹೊಸಬರಿಗೆ ಹೇಳಿಕೊಡಬೇಕಂತೆ. ಅದೂ ಪಾಠದಲ್ಲಿ ಇದೆಯಂತೆ! ಗಂಟಲು ಉಳಿಸ್ಕೊಂಡು ಇದನ್ನ ಹೇಳೋದಾದ್ರೆ ಆ ಗಂಟಲು ಇದ್ದರೆಷ್ಟು ಬಿಟ್ಟರೆಷ್ಟು? ಅದಕ್ಕೇ ನಾನೇ ಎಳ್ಕೊಂಡು ಬಂದೆ.”

“ಎಳ್ಕೊಂಡು ಬರಲಿಲ್ಲ. ನಾನೇ ಬಂದೆ,” ಎಂದಳು ಮಗಳು. ಕೊರಳಿನ ಪುಸ್ತಕದಿಂದ ಹರಿದ ಎರಡು ಹಾಳೆಗಳನ್ನು ನನ್ನ ಮುಂದಿಟ್ಟಳು. ಪೆನ್ಸಿಲ್ಲಿನಲ್ಲಲ್ಲ, ಶಾಯಿಯಲ್ಲಿ ಬರೆದದ್ದು. ಹಣ ಹೋದ ತನ್ನ ಖಾತೆಯ ಚೀಟಿಯನ್ನೂ ಜೊತೆಗೆ ಪಿನ್ನು ಹಾಕಿ ಇಟ್ಟಿದ್ದಳು. ಬರಹದಲ್ಲಿ ಎರಡು ಕಡೆ ಕಾಗುಣಿತ ತಪ್ಪಿತ್ತು, ಒಂದು ವಾಕ್ಯಕ್ಕೆ ಕರ್ತೃಪದವೇ ಇರಲಿಲ್ಲ. ನನ್ನ ಕೈ ಅಭ್ಯಾಸಬಲದಿಂದ ಕೆಂಪು ಪೆನ್ನಿನ ಕಡೆ ಹೋಯಿತು. ಹಿಂದಕ್ಕೆ ತೆಗೆದುಕೊಂಡೆ. ತಿದ್ದಿದರೆ ಅದು ನನ್ನ ಕಾಗದವಾಗುತ್ತಿತ್ತು.

ವಿಚಾರಣೆ ನಡೆದದ್ದು ಹತ್ತು ನಿಮಿಷ. ಆ ಕಂತಿಗೆ ಬೆಲೆಯಿಲ್ಲವೆಂದು ತೀರ್ಮಾನವಾಯಿತು. ಅವಧಿಯೂ ಮುಗಿದುಹೋಗಿತ್ತು. ಗಂಟೆಯಕ್ಕ ನಿಂತು ಹೇಳಿದಾಗ ರಟ್ಟಿನವರು ಆಕೆಯ ಮುಖವನ್ನಲ್ಲ, ಬಾಯಿಯನ್ನು ನೋಡುತ್ತಿದ್ದರು. ಆ ದನಿಯನ್ನು ಎಲ್ಲಿ ಕೇಳಿದ್ದೆ ಎಂದು ಹುಡುಕುತ್ತಿದ್ದರೇನೋ. ಹೊರಗೆ ಬಂದ ಮೇಲೆ ನನ್ನ ತೋಳು ಹಿಡಿದು, “ನಿಮ್ಮ ಮೇಲೆ ಹೊರಿಸಿದೆ, ಕ್ಷಮಿಸಿ,” ಎಂದರು. ಆಕೆಗೆ ಏನೂ ಹೇಳಲಿಲ್ಲ. ನೆಟ್ಟಗೆ ಅಂಗಡಿಗೆ ಹೋದರು.

ಆಕೆಯ ಕೆಲಸ ಅಂದೇ ಹೋಯಿತು. ಅದನ್ನು ನಾವೆಲ್ಲ ನಿರೀಕ್ಷಿಸಿದ್ದೆವು. ನಿರೀಕ್ಷಿಸದೆ ಇದ್ದದ್ದು ಇನ್ನೊಂದು. ಆರು ವರ್ಷದಲ್ಲಿ ದೀಪ ಹಚ್ಚಿ ಪಡೆದ ಕಮಿಷನ್ನನ್ನೆಲ್ಲ ಲೆಕ್ಕಹಾಕಿ, ಅಷ್ಟನ್ನೂ ಹಿಂದಿರುಗಿಸಬೇಕೆಂದು ಕಂದು ಲಕೋಟೆ ಬಂತು. ಎಲ್ಲರೂ ಹಚ್ಚುತ್ತಿದ್ದ ದೀಪ, ಒಪ್ಪಿಕೊಂಡವಳು ಒಬ್ಬಳೇ ಆದ್ದರಿಂದ ತೆರಬೇಕಾದವಳೂ ಒಬ್ಬಳೇ.

ಅದಾಗಿ ಒಂದು ತಿಂಗಳಿರಬಹುದು. ನಮ್ಮ ಮುಂದಿನ ಕೋಣೆಯಲ್ಲಿ ಆಕೆ ಕುಳಿತಿದ್ದಾಗ ಫೋನು ಸದ್ದಾಯಿತು. ಗುರುತಿಲ್ಲದ ಸಂಖ್ಯೆ. ಎತ್ತಿ ಮೇಜಿನ ಮೇಲಿಟ್ಟಳು, ದನಿ ನಮಗೂ ಕೇಳುವಂತೆ.

ಬೆಣ್ಣೆಯಂಥ ಹೆಣ್ಣುದನಿ. ಆರೋಗ್ಯ ವಿಚಾರಣೆ. ಆಮೇಲೆ ಬಾಕಿಯ ಮೊತ್ತ. ಆಮೇಲೆ, ಮೆಲ್ಲಗೆ: “ನಿಮ್ಮಂಥೋರು ಹೀಗೆ ಮಾಡ್ತಾರೆ ಅಂತ ನಾನಂತೂ ಅಂದ್ಕೊಂಡಿರಲಿಲ್ಲ.”

ನನ್ನ ಹೆಂಡತಿಯ ಕೈಯಲ್ಲಿದ್ದ ಲೋಟ ಹಾಗೇ ನಿಂತಿತು. ಗಂಟೆಯಕ್ಕ ನಮ್ಮ ಕಡೆ ನೋಡುತ್ತ ಬೆರಳು ಎತ್ತಿದಳು. ಒಂದು, ಎರಡು, ಮೂರು, ನಾಲ್ಕು. ಆಮೇಲೆ ಫೋನಿಗೆ ಬಾಗಿ ಹೇಳಿದಳು:

“ಪುಟ್ಟೀ, ನೀನು ನನ್ನ ಪಕ್ಕದ ಮೇಜಿನವಳು ತಾನೇ? ಗಂಟಲಿಂದ ಮಾತಾಡ್ತಿದೀಯ. ಹೊಟ್ಟೆಯಿಂದ ಉಸಿರು ತಗೋ. ಇಲ್ಲಾಂದ್ರೆ ನನ್ನ ಹಾಗೆ ಪೆನ್ಸಿಲ್ಲು ಕಟ್ಕೊಂಡು ಓಡಾಡ್ಬೇಕಾಗುತ್ತೆ. ಹಣ ತಿಂಗಳಿಗಿಷ್ಟು ಅಂತ ನಾನೇ ಕಟ್ತೀನಿ, ಬರ್ಕೋ. ಗಂಟೆ ಹೊಡಿ ಹೋಗು.”

ಆ ಕಡೆ ಮೌನ. ನಾಲ್ಕು ಸೆಕೆಂಡನ್ನೂ ದಾಟಿದ ಮೌನ. “ಅಕ್ಕಾ...” ಎಂದು ಒಂದು ಸಣ್ಣ ದನಿ ಬಂತು. ಫೋನು ನಿಂತಿತು. ಗಂಟೆಯಕ್ಕ ಮೊದಲ ಸಲ ನಮ್ಮೆದುರು ಅತ್ತದ್ದು ಆಗ.

ಇದೆಲ್ಲ ನಡೆದು ಎರಡು ವರ್ಷವಾಯಿತು. ಈಗ ಆಕೆ ಬಸ್ಸು ನಿಲ್ದಾಣದ ಎದುರಿನ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಬಂದವರನ್ನು ಕುರ್ಚಿಯಲ್ಲಿ ಕೂರಿಸಿ, ಒಂದು ಕಣ್ಣಿಗೆ ರಟ್ಟು ಹಿಡಿದು, ಎದುರಿನ ಹಲಗೆಯ ಅಕ್ಷರಗಳನ್ನು ಕೋಲಿನಿಂದ ತೋರಿಸುವುದು ಆಕೆಯ ಕೆಲಸ. ಮಾತು ಹೆಚ್ಚು ಬೇಕಿಲ್ಲ. ದನಿ ಪೂರ್ತಿ ಹಿಂದಿರುಗಲಿಲ್ಲ. ಸ್ವಲ್ಪ ಗೊಗ್ಗರಾಗಿಯೇ ಉಳಿಯಿತು. ದುಬಾರಿ ಚೌಕಟ್ಟು ಮಾರಿದರೆ ಕಮಿಷನ್ನು ಕೊಡುತ್ತೇನೆಂದು ಮಾಲೀಕರು ಹೇಳಿದಾಗ, ಸಂಬಳ ಸಾಕು ಎಂದಳಂತೆ. ಇಂಥ ಕೆಲಸದಾಳನ್ನು ತಾವು ಕಂಡಿಲ್ಲವೆಂದು ಅವರು ನನ್ನೊಡನೆ ಹೇಳಿ ತಲೆ ಕೆರೆದುಕೊಂಡರು. ತಿಂಗಳ ಮೊದಲ ವಾರ ತಪ್ಪದೆ ತನ್ನ ಕಂತು ಕಟ್ಟುತ್ತಾಳೆ. ಇನ್ನೂ ಒಂದೂವರೆ ವರ್ಷದ್ದು ಬಾಕಿಯಿದೆ.

ಪ್ರತಿ ಭಾನುವಾರ ಆಕೆಗೆ ವೈದ್ಯರು ವಿಧಿಸಿದ ಮೌನ, ಮಾತೆಲ್ಲ ಬರಹದಲ್ಲೇ. ಕೊರಳಿನ ಹಳೆಯ ಪುಸ್ತಕ ಮುಗಿದುಹೋಗಿತ್ತು. ಕಳೆದ ವರ್ಷ ರಟ್ಟಿನವರು ನನ್ನ ಕೈಯಲ್ಲಿ ಒಂದು ಪುಟ್ಟ ಪುಸ್ತಕ ಕೊಟ್ಟರು. ಯಂತ್ರದಲ್ಲಿ ಕತ್ತರಿಸಿ ಉಳಿದ ಕಾಗದದಿಂದ ಕಟ್ಟಿದ್ದು, ಗಟ್ಟಿ ನೀಲಿ ರಟ್ಟು, ದಾರ ಪೋಣಿಸಲು ತೂತು. “ಆ ಹೆಣ್ಣುಮಗಳಿಗೆ ಕೊಡಿ. ಬಿಟ್ಟಿ ಅಂದ್ಕೋಬಾರದು, ಬೆಲೆ ಹಿಂದಿನ ಪುಟದಲ್ಲಿದೆ ಅನ್ನಿ,” ಎಂದರು. ಆಕೆ ಮರುದಿನವೇ ಹಣ ಕಳಿಸಿದಳು. ರಶೀದಿ ಯಾರ ಹೆಸರಿಗೆ ಬರೆಯಲಿ ಎಂದು ಅವರು ಕೇಳಿ ಕಳಿಸಿದರೆ, ‘ನನ್ನ ಹಣ, ನನ್ನ ಹೆಸರಿಗೇ ಬರೀರಿ’ ಎಂದು ಚೀಟಿಯಲ್ಲಿ ಬರೆದು ಕೊಟ್ಟಳು. ಅದನ್ನು ಓದಿ ಅವರು ನಕ್ಕದ್ದನ್ನು ನಾನು ಕಣ್ಣಾರೆ ಕಂಡೆ. ಇಬ್ಬರೂ ಇಂದಿಗೂ ಎದುರಾಬದುರು ನಿಂತು ಒಂದು ಮಾತು ಆಡಿಲ್ಲ.

ಮೊನ್ನೆ ನನ್ನ ಕನ್ನಡಕ ಬದಲಿಸಲು ಹೋಗಿದ್ದೆ. ಗಾಜಿನ ಪೆಟ್ಟಿಗೆಯಲ್ಲಿ ಮಿರುಗುತ್ತಿದ್ದ ಒಂದು ಚೌಕಟ್ಟಿನ ಮೇಲೆ ಕಣ್ಣು ಹೋಯಿತು. ಆಕೆ ಅದನ್ನು ತೆಗೆಯಲೇ ಇಲ್ಲ. ಕೆಳಗಿನ ಖಾನೆಯಿಂದ ಎಲ್ಲಕ್ಕಿಂತ ಅಗ್ಗದ್ದನ್ನು ತೆಗೆದು, ಒರೆಸಿ, ನನ್ನ ಮೂಗಿನ ಮೇಲೆ ಕೂರಿಸಿ, ಕನ್ನಡಿ ತಿರುಗಿಸಿ ಹಿಡಿದಳು.

“ಇದು ಸಾಕು ಮೇಷ್ಟ್ರೇ. ಅದು ಹಾಕ್ಕೊಂಡ್ರೂ ಮುಖ ಇದೇ ಇರುತ್ತೆ.”